ಬೋಗುಣಿಗೆ ಬೀಳದ ಕಲ್ಲು

ಪುಟ ತಿರುವಲು ಒಂದು ಕೈ ಬೇಕು. ಪಿಟೀಲು ನುಡಿಸಲು ಎರಡೂ ಕೈ ಬೇಕು. ಆದ್ದರಿಂದ ಬಲಗಡೆಯ ಪುಟ ಮುಗಿಯುವಲ್ಲಿ ವಾದಕನಿಗೆ ಸ್ವಲ್ಪ ಬಿಡುವು ಸಿಗುವಂತೆ ಸಂಗೀತವನ್ನು ಹಾಳೆಗಳಿಗೆ ಹಂಚಬೇಕು. ಆರ್ಕೆಸ್ಟ್ರಾದ ಲೈಬ್ರರಿಯಲ್ಲಿ ನಾನು ವರ್ಷಗಟ್ಟಲೆ ಮಾಡಿದ್ದು ಮುಖ್ಯವಾಗಿ ಇದನ್ನೇ. ಹೋದ ವರ್ಷ ಇಂಗ್ಲೆಂಡಿನ ಲೀಡ್ಸ್‌ನ ಕನ್ನಡದವರ ಕೂಟವೊಂದರಲ್ಲಿ ಹೀಗೆ ವಿವರಿಸಿದಾಗ, ಸಂಗೀತ ಓದಲು ಮಂಗಳೂರಿನಿಂದ ಬಂದಿದ್ದ ಹುಡುಗಿಯೊಬ್ಬಳು ಪುಳಿಯೋಗರೆಯ ತಟ್ಟೆ ಹಿಡಿದುಕೊಂಡೇ, "ಅಂಕಲ್, ಅದು ಫುಲ್ ಟೈಮ್ ಜಾಬಾ?" ಎಂದು ಕೇಳಿದಳು. ಈಗ ಅವಳೇ ಅಂಥ ಒಂದು ಲೈಬ್ರರಿಗೆ ಸೇರಿದ್ದಾಳೆ. ಅವಳಿಗೂ ಅವಳಂಥವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯಲು ಕೂತೆ.

ಮೊದಲೇ ಒಂದು ಎಚ್ಚರಿಕೆ. ನಾನು ಮೈಸೂರಿನಿಂದ ಲೀಡ್ಸ್‌ಗೆ ಬಂದದ್ದು ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು. ಆ ಊರಿನ ಹೆಡಿಂಗ್ಲೀ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಕೂತು, ಮನುಷ್ಯನಿಗೆ ಯಾವುದಾದರೂ ಖಚಿತವಾಗಿ ಗೊತ್ತಿರಲು ಸಾಧ್ಯವೇ ಎಂದು ಯೋಚಿಸಿ, ಗೊತ್ತಿಲ್ಲ ಎನ್ನಿಸಿ, ಬಿಟ್ಟುಬಿಟ್ಟೆ. ಪ್ರಬಂಧ ಹೋಯಿತು, ಅನುಮಾನ ಉಳಿಯಿತು. ಮುಂದೆ ಬರುವ ಮಾತುಗಳಲ್ಲಿ ಎಷ್ಟು ಆಯಾ ಜನ ನಿಜವಾಗಿ ಆಡಿದವು, ಎಷ್ಟು ನಾನು ಆಮೇಲೆ ನುಣುಪು ಮಾಡಿದವು ಎಂದು ಪ್ರಮಾಣ ಮಾಡಲಾರೆ.

ನನ್ನ ದೊಡ್ಡಪ್ಪ ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಹಾಗಾಗಿ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ನನಗೆ ಚಿಕ್ಕಂದಿನಿಂದ ಬರುತ್ತಿತ್ತು. ಪಿಟೀಲು ಮಾತ್ರ ನಮ್ಮ ಪದ್ಧತಿಯಲ್ಲಿ ಕಲಿತೆ. ಓದು ಬಿಟ್ಟಮೇಲೆ ಈ ಲಿಪಿಯೇ ಅನ್ನಕ್ಕೆ ದಾರಿಯಾಯಿತು. ಮ್ಯಾಂಚೆಸ್ಟರ್‌ನಲ್ಲಿ ಹೊಸ ಸಂಗೀತವನ್ನಷ್ಟೇ ನುಡಿಸುವ ಸಣ್ಣ ಆರ್ಕೆಸ್ಟ್ರಾ ಒಂದಿತ್ತು. ಅದರ ಲೈಬ್ರರಿ ಹಳೆಯ ಸಣ್ಣ ಚರ್ಚೊಂದರ ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ನಕಲುಗಾರನಾಗಿ ಸೇರಿದೆ. ಸಂಯೋಜಕರು ಎಲ್ಲ ವಾದ್ಯಗಳನ್ನೂ ಒಟ್ಟಿಗೆ ಬರೆದ ದೊಡ್ಡ ಪುಸ್ತಕ ಕೊಡುತ್ತಾರೆ. ಅದರಿಂದ ಒಬ್ಬೊಬ್ಬ ವಾದಕನ ಸಾಲನ್ನಷ್ಟೇ ಬೇರ್ಪಡಿಸಿ ಬರೆದುಕೊಡುವುದು ನಕಲುಗಾರನ ಕೆಲಸ. ಆ ಹಾಳೆಗಳಿಗೆ ಪಾರ್ಟ್ ಎನ್ನುತ್ತಾರೆ.

ನನ್ನ ಮೇಲಧಿಕಾರಿ ಆರ್ಥರ್. ಲೀಡ್ಸ್‌ನವನು. ಮಸಿ, ಗೀಟುಕೋಲು, ಬ್ಲೇಡು ಇವುಗಳಲ್ಲೇ ಮುದುಕನಾದವನು. ಮೊದಲ ದಿನವೇ ನನ್ನ ಜೇಬಿನಿಂದ ಪೆನ್ನು ಕಿತ್ತು ಡ್ರಾಯರಿಗೆ ಹಾಕಿದ.

"ಲ್ಯಾಡ್, ಪಾರ್ಟ್ ಒಮ್ಮೆ ವಾದಕರ ಕೈಗೆ ಹೋದಮೇಲೆ ಅದರ ಮೇಲೆ ಪೆನ್ಸಿಲ್ ಮಾತ್ರ. ಪೋಪ್ ಬಂದು ಪೆನ್ನಿನಲ್ಲಿ ಸಹಿ ಹಾಕ್ತೀನಿ ಅಂದ್ರೂ ಬಿಡಬೇಡ."

ವಾದಕರು ಪಾರ್ಟಿನ ಮೇಲೆ ಏನೇನೋ ಬರೆಯುತ್ತಾರೆ. ಪಿಟೀಲಿನ ಕಮಾನು ಎಳೆಯುವ ದಿಕ್ಕಿನ ಗುರುತು, ಎಚ್ಚರಿಕೆಗೆ ಕನ್ನಡಕದ ಚಿತ್ರ, ಮುಂದೆ ನಿಂತು ಕೈಸನ್ನೆಯಿಂದ ಎಲ್ಲರನ್ನೂ ನಡೆಸುವ ಕಂಡಕ್ಟರನ ಕಾರ್ಟೂನು. ಕೊನೆಯ ಪುಟದ ಹಿಂಬದಿಯಲ್ಲಿ ಊರು, ವಾರ, ಎಷ್ಟು ನಿಮಿಷವಾಯಿತು ಎಂದು ಬರೆದು ಹೋಗುವುದು ಅವರಲ್ಲಿ ಹಳೆಯ ರೂಢಿ. "ಲೀಡ್ಸ್. ಮಳೆ. ಹದಿನೆಂಟು ನಿಮಿಷ. ಎಂಟು ಸಾಕಿತ್ತು." ಮುಂದಿನ ಸಲ ಪಾರ್ಟ್ ಹೊರಗೆ ಹೋಗುವ ಮುಂಚೆ ಅದನ್ನೆಲ್ಲ ಅಳಿಸುವುದು ನಮ್ಮ ಕೆಲಸ. ರಬ್ಬರಿನ ಪುಡಿ ನನ್ನ ಅಂಗಿಯ ತೋಳಿನಲ್ಲಿ ಸದಾ ಇರುತ್ತಿತ್ತು. ಪ್ರದರ್ಶನವಾದ ತಕ್ಷಣ ಅಳಿಸಬಾರದು ಎಂದೂ ಆರ್ಥರ್ ಹೇಳುತ್ತಿದ್ದ. ಮುಂದೆ ಯಾರಾದರೂ ಪಾರ್ಟ್ ಕೇಳಿದಾಗ ಅಳಿಸು, ಯಾರೂ ಕೇಳದಿದ್ದರೆ ಅದೇ ಅದರ ಚರಿತ್ರೆ.

ಅವನು ಕಲಿಸಿದ ಇನ್ನೊಂದು ಪಾಠ ಕ್ಯೂ ಕೊಡುವುದು. ಒಬ್ಬ ವಾದಕ ನಲವತ್ತು ಆವರ್ತ ಸುಮ್ಮನೆ ಕೂತಿದ್ದು ನಂತರ ನುಡಿಸಬೇಕು ಎಂದುಕೊಳ್ಳಿ. ಪಾಶ್ಚಾತ್ಯ ಸಂಗೀತದ ಬಾರ್ ನಮ್ಮ ಆವರ್ತದ ಹಾಗೆ, ನಾನು ಆವರ್ತವೆಂದೇ ಬರೆಯುತ್ತೇನೆ. ಅವನು ಮನಸ್ಸಿನಲ್ಲೇ ಎಣಿಸುತ್ತಿರಬೇಕು. ಎಣಿಕೆ ತಪ್ಪದಿರಲೆಂದು, ಅವನ ಸರದಿ ಬರುವ ಮುನ್ನ ಬೇರೆ ವಾದ್ಯ ನುಡಿಸುವ ನಾಲ್ಕು ಸ್ವರಗಳನ್ನು ಅವನ ಹಾಳೆಯಲ್ಲಿ ಸಣ್ಣದಾಗಿ ಬರೆಯುತ್ತೇವೆ. ಇದು ಕೇಳಿಸಿದ ಕೂಡಲೇ ನೀನು, ಎಂದರ್ಥ. ಸಂಯೋಜಕರು ಇದನ್ನು ಬರೆದಿರುವುದಿಲ್ಲ. ನಕಲುಗಾರನ ಉಪಕಾರ ಇದು.

"ಯಾರು ಬರೆದದ್ದನ್ನು ಬರೆದ ಹಾಗೇ ನುಡಿಸ್ತಾರೋ ಅವರ ಸಾಲನ್ನು ಕೊಡು," ಎಂದಿದ್ದ ಆರ್ಥರ್. "ಚೆನ್ನಾಗಿ ನುಡಿಸೋರದ್ದು ಬೇಡ."

ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂತು. ಆರ್ಥರ್ ಒಂದು ವಾರ ಅದರ ಮುಂದೆ ಕೋಟು ಹಾಕಿಕೊಂಡೇ ಕೂತಿದ್ದು, ನಿವೃತ್ತನಾದ. ಮೂರು ದಿನದ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಆದರೆ ಒಂದು ಬದಲಾವಣೆಯನ್ನು ನಾನು ತಡವಾಗಿ ಗಮನಿಸಿದೆ. ಕೈಬರಹದ ಪಾರ್ಟಿನಲ್ಲಿ ಏನಾದರೂ ವಿಚಿತ್ರ ಕಂಡರೆ ವಾದಕರು ನೆಲಮಾಳಿಗೆಗೆ ಇಳಿದುಬಂದು, "ಇದು ಸರೀನಾ?" ಎಂದು ಕೇಳುತ್ತಿದ್ದರು. ಅಚ್ಚಾದ ಹಾಗೆ ಕಾಣುವ ಹಾಳೆ ಹಿಡಿದು ಯಾರೂ ಕೆಳಗೆ ಬರಲಿಲ್ಲ.

ಷಿಯಾ ಎಂಬ ಸಂಯೋಜಕಿಯ ಪರಿಚಯವಾದದ್ದು ಆ ಕಾಲದಲ್ಲಿ. ಚೀನಾದ ನದಿಯ ದಂಡೆಯ ಊರೊಂದರಿಂದ ಮ್ಯಾಂಚೆಸ್ಟರ್‌ಗೆ ಓದಲು ಬಂದವಳು. ಅವಳ ಮೊದಲ ಕೃತಿ, ದೋಣಿಗಾಗಿ ಕಾಯುವ ಮುದುಕನೊಬ್ಬನ ಬಗ್ಗೆ ನಾಲ್ಕು ಸಾಲಿನ ಹಳೆಯ ಪದ್ಯ. ಗಾಯಕಿ ಒಂದೊಂದು ಅಕ್ಷರವನ್ನೂ ಅರ್ಧ ನಿಮಿಷ ಹಾಡುತ್ತಿದ್ದಳು. ಸಭಿಕರಿಗೆ ಕೊಡುವ ಕಾರ್ಯಕ್ರಮ ಪತ್ರಿಕೆಯಲ್ಲಿ ಪದ್ಯದ ಅನುವಾದವನ್ನು ಅಚ್ಚು ಹಾಕಿಸಿದ್ದು ನಾನು. ವಾದಕರ ಪುಟ ತಿರುವುವಿಕೆಯ ಬಗ್ಗೆ ಅಷ್ಟು ಯೋಚಿಸುವವನಿಗೆ ಸಭಿಕರೂ ಪುಟ ತಿರುವುತ್ತಾರೆ ಎಂಬುದು ಹೊಳೆದಿರಲಿಲ್ಲ. ಎರಡು ಸಾಲು ಒಂದು ಪುಟದಲ್ಲಿ, ಎರಡು ಸಾಲು ಹಿಂಬದಿಯಲ್ಲಿ. ಅತ್ಯಂತ ಮೆಲ್ಲನೆಯ ಜಾಗದಲ್ಲಿ ಇಡೀ ಸಭಾಂಗಣ ಒಟ್ಟಿಗೆ ಪುಟ ತಿರುವಿತು. ನಾನು ಮುಖ ಮುಚ್ಚಿಕೊಂಡೆ.

ಷಿಯಾ ಆಮೇಲೆ ನಗುತ್ತಾ ಬಂದು, "ನನ್ನ ಕೃತಿಯಲ್ಲಿ ಹೊಳೆಯ ಸದ್ದು ಇರಲಿಲ್ಲ. ನೀನು ಹಾಕಿಕೊಟ್ಟೆ," ಎಂದಳು. ಮುಂದಿನ ಕೃತಿಯನ್ನೂ ನಾನೇ ನಕಲು ಮಾಡಬೇಕೆಂದು ಕೇಳಿದಳು.

ಆ ಮುಂದಿನದು ಹಕ್ಕಿಯ ಕಥೆ. ಸಮುದ್ರದಲ್ಲಿ ಮುಳುಗಿ ಸತ್ತ ಹುಡುಗಿಯೊಬ್ಬಳು ಹಕ್ಕಿಯಾಗಿ ಹುಟ್ಟುತ್ತಾಳೆ. ತನ್ನನ್ನು ಕೊಂದ ಸಮುದ್ರವನ್ನು ಹೂಳಬೇಕೆಂದು ಬೆಟ್ಟದಿಂದ ಒಂದೊಂದೇ ಹರಳುಕಲ್ಲು ಕಚ್ಚಿಕೊಂಡು ಹೋಗಿ ನೀರಿಗೆ ಹಾಕುತ್ತಾಳೆ. ಇಷ್ಟೇ. ಕಥೆಗೆ ಕೊನೆಯಿಲ್ಲ. ಕೃತಿಯ ಕಟ್ಟಕಡೆಯ ಸದ್ದು ಒಂದು ಕಲ್ಲು ನೀರಿಗೆ ಬೀಳುವುದು.

ನೀರಿನ ಪಾತ್ರೆ ಹುಡುಕುವುದು ಲೈಬ್ರರಿಯ ಪಾಲಿಗೆ ಬಂತು. ಅಂಗಡಿಗಳಿಂದ ತಂದ ಸ್ಟೀಲಿನವು ಠಣ್ ಎನ್ನುತ್ತಿದ್ದವು, ಗಾಜಿನವು ಒಡೆದಾವೆಂದು ಹೆದರಿಸುತ್ತಿದ್ದವು. ಕೊನೆಗೆ ನಮ್ಮ ಮನೆಯ ಅಟ್ಟದಲ್ಲಿದ್ದ ಹಿತ್ತಾಳೆಯ ಬೋಗುಣಿ ನೆನಪಾಯಿತು. ನನ್ನ ಹೆಂಡತಿ ಶೈಲಾ ಧಾರವಾಡದವಳು, ಮ್ಯಾಂಚೆಸ್ಟರ್ ಹತ್ತಿರದ ಬರ್ಚ್‌ವುಡ್‌ನಲ್ಲಿ ಎಂಜಿನಿಯರ್ ಆಗಿದ್ದಳು. ಬೋಗುಣಿ ಅವಳ ತಾಯಿಯದು.

"ನಮ್ಮವ್ವ ಅದರಾಗ ಹೋಳಿಗಿ ಕಣಕ ನಾದತಿದ್ಲು," ಎಂದಳು. "ನೀವು ಅದರಾಗ ಕಲ್ಲು ಒಗೀತೀರಿ?"

"ಒಂದೇ ಕಲ್ಲು."

"ಒಂದು ಕಲ್ಲು ಹಾಕಲಿಕ್ಕೆ ಅಷ್ಟು ಮಂದಿ ಕೋಟು ಹಾಕ್ಕೊಂಡು ಕೂಡತಾರ? ಆಗಲಿ, ತಗೊಂಡ್ ಹೋಗು. ನೆಗ್ಗು ಬಿದ್ದರ ಮಾತ್ರ ನೀ ಅದ ಸಮುದ್ರದಾಗ."

ಷಿಯಾ ಬೋಗುಣಿಯ ಸದ್ದು ಕೇಳಿ ಎರಡು ಸಲ ತಲೆಯಾಡಿಸಿದಳು. ಅವಳು ಹಾಗೆ ಒಪ್ಪಿದ್ದನ್ನು ಬೇರೆ ಯಾವಾಗಲೂ ಕಂಡಿಲ್ಲ.

ಕಲ್ಲು ಹಾಕುವವಳು ರೂತ್. ತಾಳವಾದ್ಯಗಳ ಯುವ ವಾದಕಿ, ಡರ್ಬಿಯವಳು. ತಂದೆ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಫಿಟ್ಟರ್. ಡರ್ಬಿಯವರು ಸಲಿಗೆಯಿಂದ ಎಲ್ಲರನ್ನೂ "ಡಕ್" ಎನ್ನುತ್ತಾರೆ. ರೂತ್ ಕಂಡಕ್ಟರನನ್ನೂ ಹಾಗೇ ಕರೆದುಬಿಟ್ಟಿದ್ದಳು. ಅವಳು ಆಗ ಟ್ರಯಲ್ ಮೇಲಿದ್ದಳು. ಇಲ್ಲಿ ಖಾಯಂ ಜಾಗ ಕೊಡುವ ಮುಂಚೆ ಕೆಲವು ತಿಂಗಳು ಜೊತೆಗೆ ನುಡಿಸಿ ನೋಡುತ್ತಾರೆ. ಹಕ್ಕಿಯ ಕೃತಿ ಅವಳ ಟ್ರಯಲ್‌ನ ಕೊನೆಯ ಕಛೇರಿ. ಅದಾದಮೇಲೆ ಮ್ಯಾನೇಜರ್ ಮಾರ್ಗರೆಟ್ ತೀರ್ಮಾನ ಹೇಳಬೇಕಿತ್ತು.

ಕೊನೆಯ ಭಾಗ ಹೀಗಿತ್ತು. ಪಿಟೀಲುಗಳು ಶ್ರುತಿಯ ಹಾಗೆ ಒಂದೇ ಸ್ವರ ಹಿಡಿದಿರುತ್ತವೆ. ಅದರ ಮೇಲೆ ಬಿದಿರ ಕೊಳಲು. ಕಂಡಕ್ಟರನ ಕೈ ಬಹಳ ನಿಧಾನವಾಗಿ ಆಡುತ್ತಿರುತ್ತದೆ. ರೂತ್ ನಲವತ್ತು ಆವರ್ತ ಕಾಯ್ದು ನಲವತ್ತೊಂದರಲ್ಲಿ ಕಲ್ಲು ಬಿಡಬೇಕು. ಕಂಡಕ್ಟರ್ ಅವಳಿಗೆ ಸನ್ನೆ ಮಾಡಕೂಡದು ಎಂದು ಷಿಯಾ ಹೇಳಿದ್ದಳು. ಹಕ್ಕಿಗೆ ಯಾರೂ ಹೇಳಿಕೊಡುವುದಿಲ್ಲವಂತೆ. ನನಗೆ ರೂತ್ ಮೇಲೆ ಕನಿಕರ ಬಂತು. ನಲವತ್ತು ಖಾಲಿ ಆವರ್ತ, ಕೈಯಲ್ಲಿ ಒಂದು ಕಲ್ಲು, ಟ್ರಯಲ್‌ನ ಕೊನೆಯ ದಿನ. ಅವಳ ಹಾಳೆಯಲ್ಲಿ ನಲವತ್ತನೆಯ ಆವರ್ತದ ಮೇಲೆ ಕೊಳಲಿನ ನಾಲ್ಕು ಸ್ವರಗಳ ಕ್ಯೂ ಹಾಕಿದೆ. ಅಂದವಾಗಿ, ಕಂಪ್ಯೂಟರಿನಲ್ಲಿ.

ಕೊಳಲು ನುಡಿಸಿದ ಟಾಂಗ್ ಮ್ಯಾಂಚೆಸ್ಟರ್‌ನ ಚೈನಾಟೌನಿನ ಹಿರಿಯರು. ಅಭ್ಯಾಸಗಳಲ್ಲಿ ಬರೆದದ್ದನ್ನು ಬರೆದ ಹಾಗೆ ನುಡಿಸಿದರು. ಅದು ಅವರ ಸೌಜನ್ಯ. ಜೊತೆಯವರು ಕಲಿಯುತ್ತಿದ್ದಾರೆ, ಗೊಂದಲವಾಗದಿರಲಿ ಎಂದು. ಇದು ನನಗೆ ಅರ್ಥವಾಗಬೇಕಿತ್ತು. ಮೈಸೂರಿನ ನನ್ನ ಪಿಟೀಲು ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಕೀರ್ತನೆಗಳು ಬರಿಯ ಸ್ವರಗಳಾಗಿದ್ದವು. ಅವನ್ನು ನೋಡಿ ಗಮಕವಿಲ್ಲದೆ ಹಾಗೆಯೇ ನುಡಿಸಿದರೆ ಕಮಾನಿನ ತುದಿಯಿಂದ ಮಂಡಿಗೆ ಕುಟ್ಟಿ, "ಅದು ಬಟ್ಟೆ ಒಣಗಿಸೋ ಹಗ್ಗ ಕಣೋ, ಬಟ್ಟೆ ಎಲ್ಲಿ?" ಎನ್ನುತ್ತಿದ್ದರು. ಆ ಲೈಬ್ರರಿಯಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ.

ಕಛೇರಿ ಬರ್ಮಿಂಗ್‌ಹ್ಯಾಮ್‌ನಲ್ಲಿ, ಭಾನುವಾರ ಮಧ್ಯಾಹ್ನ. ಟಾಂಗ್ ಅಂದು ಕಣ್ಣು ಮುಚ್ಚಿ ನುಡಿಸಿದರು. ನನ್ನ ನಾಲ್ಕು ಸ್ವರಗಳಲ್ಲಿ ಒಂದು ಜಾರಿ ಮತ್ತೊಂದಕ್ಕೆ ಹೋಯಿತು, ಎರಡನೆಯದು ನಡುಗುತ್ತಾ ನಿಂತುಬಿಟ್ಟಿತು, ಉಳಿದೆರಡು ಉಸಿರಿನಲ್ಲೇ ಕರಗಿದವು. ಅಷ್ಟು ಚೆಂದದ ಕೊಳಲನ್ನು ನಾನು ಈ ದೇಶದಲ್ಲಿ ಕೇಳಿಲ್ಲ. ರೂತ್ ಕಲ್ಲು ಹಿಡಿದ ಕೈಯನ್ನು ಬೋಗುಣಿಯ ಮೇಲೆ ಎತ್ತಿದ್ದಳು. ಕೈ ಹಾಗೇ ಇತ್ತು. ಕಂಡಕ್ಟರನ ಕೈ ಕೆಳಗಿಳಿಯಿತು. ಮೌನ. ಚಪ್ಪಾಳೆ.

ಪತ್ರಿಕೆಯೊಂದು ಕೊನೆಯ ಮೌನವನ್ನು ಹೊಗಳಿ ಬರೆಯಿತು. ಷಿಯಾ ಅದನ್ನು ಓದಿ ಮಡಿಚಿಟ್ಟು, "ಹಕ್ಕಿ ನಿಲ್ಲಿಸುವುದಿಲ್ಲ. ಅವಳು ನಿಲ್ಲಿಸಿದರೆ ಇದು ಬೇರೆ ಕಥೆ," ಎಂದಳು. ಆ ಕೃತಿಯನ್ನು ನುಡಿಸಲು ಮತ್ತೆ ಯಾರೂ ಕೇಳಲಿಲ್ಲ.

ಕಛೇರಿ ಮುಗಿದಮೇಲೆ ನಡೆದದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ವೇದಿಕೆಯ ಹಿಂದಿನ ಕಾರಿಡಾರು. ಚಾಕಲೇಟಿನ ವೆಂಡಿಂಗ್ ಮಷೀನು. ಅದರ ಪಕ್ಕ ಮಾರ್ಗರೆಟ್. ನಾನು ಹೋಗಿ, "ಆ ಕ್ಯೂ ಹಾಕಿದ್ದು ನಾನು. ತಪ್ಪು ರೂತ್‌ಳದಲ್ಲ," ಎಂದೆ. ಅವಳು ನನ್ನ ತೋಳು ತಟ್ಟಿ, ಅಲ್ಲಿ ಎಲ್ಲರಿಗೂ ಅನ್ನುವ ಹಾಗೆ, "ಗೊತ್ತು ಲವ್. ಮನೆಗೆ ಹೋಗು," ಎಂದಳು. ಹದಿನೈದು ದಿನದ ಮೇಲೆ ರೂತ್‌ಗೆ ಜಾಗ ಸಿಗಲಿಲ್ಲ ಎಂದು ತಿಳಿದಾಗ ಬೇಸರವಾಯಿತು. ಆದರೆ ನಾನು ಹೇಳಿದ್ದೆನಲ್ಲ, ಬೇರೆ ಕಾರಣವಿರಬೇಕು ಎಂದುಕೊಂಡೆ. ನಿವೃತ್ತನಾದಮೇಲೂ ಹಾಗೇ ಅಂದುಕೊಂಡಿದ್ದೆ.

ಈ ಬರಹದ ಮೊದಲ ಕರಡನ್ನು ಇಲ್ಲಿಯವರೆಗೆ ಶೈಲಾಗೆ ಓದಿ ಹೇಳಿದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು. ಚಾಕು ನಿಂತಿತು.

"ನೀ ಮಾರ್ಗರೆಟ್‌ಗ ಹೇಳೇ ಇಲ್ಲಲ್ಲ."

"ಹೇಳಿದೆ. ವೆಂಡಿಂಗ್ ಮಷೀನ್ ಹತ್ತಿರ."

"ನಾನೂ ಬಂದಿದ್ನಿ ಅವತ್ತು. ಬೋಗುಣಿ ಕಾಯಲಿಕ್ಕೆ. ಆ ಹಾಲ್‌ನಾಗ ಎಲ್ಲಿ ಮಷೀನ್ ಅದ? ಅದು ಲೀಡ್ಸ್‌ನ್ಯಾಗ."

ನಾನು ಕರಡಿನ ಹಾಳೆ ಕೆಳಗಿಟ್ಟೆ.

"ಮರುದಿನ ಮುಂಜಾನೆ ನಾ ಬೋಗುಣಿ ಹುಣಸೀಹಣ್ಣು ಹಚ್ಚಿ ತಿಕ್ಕಲಿಕ್ಕತ್ತಿದ್ನಿ. ನೀ ಅಲ್ಲೇ ಸಿಂಕಿನ ಬಾಜೂ ನಿಂತು, ಆಕಿಗೆ ಹೆಂಗ ಹೇಳಬೇಕು ಅಂತ ಮೂರು ಸರ್ತಿ ಹೇಳಿ ನೋಡಿದಿ. 'ಗೊತ್ತು ಲವ್, ಮನೀಗೆ ಹೋಗು' ಅಂದಾಕಿ ನಾನು. ಆಕೀ ಗತೆ ಅಂದು ತೋರಿಸಿದ್ನಿ, ನೀ ನಗಲಿ ಅಂತ."

"ಆಮೇಲೆ?"

"ಫೋನ್ ಮಾಡಿದಿ. ಆಕಿ ಹಾಲಿಡೇ ಮ್ಯಾಲೆ ಹೋಗಿದ್ಲು. ಬರಲಿ, ಎದುರಿಗೇ ಹೇಳ್ತೀನಿ ಅಂದಿ. ಬಂದ್ಲು. ನೀ ಹೇಳಿದಿ ಅಂತ ನಾ ತಿಳ್ಕೊಂಡಿದ್ನಿ." ಮತ್ತೆ ಹೆಚ್ಚಲು ತೊಡಗಿ, "ಈಗ ಓದಿದ ಮ್ಯಾಲೆ ಗೊತ್ತಾತು," ಎಂದಳು.

ಸಿಂಕಿನ ಬಳಿಯ ಅಭ್ಯಾಸವನ್ನೇ ಕಛೇರಿ ಎಂದು ನೆನಪಿಟ್ಟುಕೊಂಡಿದ್ದೆ. ಶೈಲಾಳ ನೆನಪೂ ತಪ್ಪಿರಬಹುದು ಎಂದು ವಾದಿಸಲು ನನ್ನ ಹಳೆಯ ಓದು ಸಾಕಿತ್ತು. ಎರಡು ದಿನ ಮನಸ್ಸಿನಲ್ಲೇ ವಾದಿಸಿದೆ ಕೂಡ. ಮಾರ್ಗರೆಟ್ ಈಗ ಇಲ್ಲ, ಕೇಳುವಂತಿಲ್ಲ. ಮೂರನೆಯ ದಿನ ರೈಲು ಹತ್ತಿ ಮ್ಯಾಂಚೆಸ್ಟರ್‌ನ ನೆಲಮಾಳಿಗೆಗೆ ಹೋದೆ. ನನ್ನ ಜಾಗಕ್ಕೆ ಬಂದವರು ಒಳ್ಳೆಯವರು. ಹಕ್ಕಿಯ ಪೆಟ್ಟಿಗೆ ಇಳಿಸಿಕೊಟ್ಟರು. ಅದು ನನ್ನ ಹಳೆಯ ಮೇಜಿನಿಂದ ಹತ್ತು ಹೆಜ್ಜೆಯ ಕಪಾಟಿನಲ್ಲಿತ್ತು. ಯಾರೂ ಕೇಳದ ಕೃತಿಯಾದ್ದರಿಂದ ಯಾರೂ ಏನನ್ನೂ ಅಳಿಸಿರಲಿಲ್ಲ.

ರೂತ್‌ಳ ಪಾರ್ಟಿನ ಕೊನೆಯ ಪುಟದ ಹಿಂಬದಿಯಲ್ಲಿ, ಪೆನ್ಸಿಲ್ಲಿನಲ್ಲಿ: "ಬರ್ಮಿಂಗ್‌ಹ್ಯಾಮ್. ಭಾನುವಾರ. ಎಣಿಕೆ ಸರಿಯಿತ್ತು. ಕೊಳಲು ಬರಲಿಲ್ಲ."

ಕಛೇರಿಯಾದ ಮಾರನೆಯ ದಿನ ಆ ಹಾಳೆಗಳನ್ನು ಜೋಡಿಸಿ ಪೆಟ್ಟಿಗೆಗೆ ಹಾಕಿದ್ದು ನಾನೇ. ತಿರುಗಿಸಿ ನೋಡಿರಲಿಲ್ಲ. ಅಥವಾ ನೋಡಿದ್ದೆನೋ. ಅದೂ ನೆನಪಿಲ್ಲ.

ಲೈಬ್ರರಿಯವರ ಅನುಮತಿ ಪಡೆದು ಆ ಪಾರ್ಟನ್ನು ತೆಗೆದುಕೊಂಡು ಡರ್ಬಿಗೆ ಹೋದೆ. ರೂತ್ ಅಲ್ಲಿ ಒಂದು ಶಾಲೆಯಲ್ಲಿ ಸಂಗೀತದ ಟೀಚರ್. ತಲೆ ಪೂರ್ತಿ ಬೆಳ್ಳಗಾಗಿದೆ. ಮಕ್ಕಳು ಊಟಕ್ಕೆ ಹೋದ ಹೊತ್ತು. ಕಿಟಕಿಯ ಕೆಳಗೆ ಮರದ ಪಟ್ಟಿಗಳ ಝೈಲೋಫೋನುಗಳು ಸಾಲಾಗಿದ್ದವು. ನಾನು ಸಿಂಕಿನ ಬಳಿ ಅಭ್ಯಾಸ ಮಾಡಿದ ಮಾತನ್ನು ಕೊನೆಗೂ ಆಡಿದೆ. ಕ್ಯೂ ಹಾಕಿದ್ದು ನಾನು, ಹಾಕಬಾರದ ವಾದ್ಯದಿಂದ ಹಾಕಿದೆ, ಹೇಳಬೇಕಾದವರಿಗೆ ಹೇಳಲಿಲ್ಲ.

ಅವಳು ಪಾರ್ಟನ್ನು ತಿರುಗಿಸಿ ನಲವತ್ತನೆಯ ಆವರ್ತದ ಮೇಲೆ ಬೆರಳಿಟ್ಟಳು.

"ನಲವತ್ತು ಮುಗೀತು ಅಂತ ನಂಗೆ ಗೊತ್ತಿತ್ತು, ಡಕ್," ಎಂದಳು. "ಕೈ ಎತ್ತಿದ್ದು ಅದಕ್ಕೇ. ಆದ್ರೆ ಹಾಳೆ ಕೊಳಲಿಗೆ ಕಾಯಿ ಅಂತಿತ್ತು. ಅಚ್ಚಾಗಿತ್ತು. ಆ ಕ್ಷಣಕ್ಕೆ, ಎಣಿಸಿದ್ದು ನಾನೇ ತಪ್ಪಿರಬೇಕು ಅಂದ್ಕೊಂಡೆ."

"ಮಾರ್ಗರೆಟ್ ಏನು ಕಾರಣ ಕೊಟ್ಟಳು?"

"ಎಣಿಕೆಯಲ್ಲಿ ಭರವಸೆ ಸಾಲದು, ಅಂತ." ನಕ್ಕಳು, ಆದರೆ ಹಗುರವಾಗಿ ಅಲ್ಲ. "ಒಂದು ವರ್ಷ ಅಂಗಡೀಲಿ ಮೊಟ್ಟೆ ಕೂಡ ಎರಡೆರಡು ಸಲ ಎಣಿಸ್ತಿದ್ದೆ. ಅಪ್ಪ ಕೇಳ್ತಿದ್ರು, ಏನಾಯ್ತೇ ನಿಂಗೆ ಅಂತ. ಇಲ್ಲಿ ಮಕ್ಕಳಿಗೆ ಎಣಿಸೋದು ಕಲಿಸ್ತಾ ಕಲಿಸ್ತಾ ಸರಿಹೋಯ್ತು."

ಹೋದ ಜಾಗವನ್ನು ಕೊಡಿಸಲು ನನ್ನಿಂದಾಗುವುದಿಲ್ಲ. ನನ್ನ ಕೈಲಿದ್ದದ್ದು ಆ ಹಾಳೆ. ಮುಂದೆ ಎಂದಾದರೂ ಯಾರಾದರೂ ಈ ಕೃತಿಯನ್ನು ಕೇಳಿದರೆ ಓದಲಿ ಎಂದು, ಅವಳು ಬರೆದದ್ದರ ಕೆಳಗೆ ಬರೆಯುತ್ತೇನೆ ಎಂದೆ. ಜೇಬಿನಿಂದ ಪೆನ್ಸಿಲ್ ತೆಗೆದೆ.

"ಪೆನ್ಸಿಲ್ಲಾ?" ಎಂದಳು ರೂತ್. "ಅಳಿಸೋಕಾ?"

ಮಕ್ಕಳ ಪುಸ್ತಕ ತಿದ್ದುವ ಹಸಿರು ಪೆನ್ನನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದಳು. ಆರ್ಥರ್‌ನ ಡ್ರಾಯರು ಕಣ್ಣ ಮುಂದೆ ಬಂತು. ಪೆನ್ನು ತೆಗೆದುಕೊಂಡೆ. ಕೊಳಲಿನ ಕ್ಯೂ ಲೈಬ್ರರಿಯ ತಪ್ಪು, ವಾದಕಿಯ ಎಣಿಕೆ ಸರಿ, ಕಲ್ಲು ಬೀಳಬೇಕಾದದ್ದು ನಲವತ್ತೆರಡನೆಯ ಆವರ್ತದಲ್ಲಿ ಎಂದು ಬರೆದು ಹೆಸರು ಹಾಕಿ ಅವಳ ಮುಂದಿಟ್ಟೆ.

ಅವಳು ಕನ್ನಡಕ ಹಾಕಿಕೊಂಡು ಓದಿದಳು.

"ನಲವತ್ತೊಂದು," ಎಂದಳು.

ಪುಟ ತಿರುಗಿಸಿ ಎಣಿಸಿದೆ. ನಲವತ್ತೊಂದೇ. ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದೆ. ಹಸಿರು ಮಸಿಯಲ್ಲಿ ಎರಡೂ ಈಗ ಹಾಗೇ ಇವೆ.